ಪ್ಲೇನೋದಲ್ಲಿ ಪಿಸ್ತೂಲು ಕೊಂಡ ಶನಿವಾರ

ಟೆಕ್ಸಾಸ್‌ನಲ್ಲಿ ಗನ್ ಕೊಳ್ಳೋದು ಸುಲಭ, ಯಾವ ಗನ್ ಅನ್ನೋದೇ ತಲೆನೋವು. ಹಿಂದಿನ ಬೀದಿಯ ಮನೆಯೊಂದಕ್ಕೆ ರಾತ್ರಿ ಕಳ್ಳರು ನುಗ್ಗಿದ ಮೇಲೆ ನಮ್ಮ ಮನೆಯಲ್ಲೂ ಆ ಮಾತು ಬಂತು. ಎಚ್-1ಬಿ ವೀಸಾದಲ್ಲಿದ್ದಾಗ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ಆ ವೀಸಾದವರು ಗನ್ ಇಟ್ಟುಕೊಳ್ಳುವ ಹಾಗಿಲ್ಲ. ಈಗ ಗ್ರೀನ್ ಕಾರ್ಡ್ ಇದೆ, ಆ ತೊಡಕಿಲ್ಲ.

ಹೆಂಡತಿ ಕೊಡಗಿನವಳು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಕೋವಿಗೆ ತೋಕ್‌ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆತನ. ನಾನು ತುಮಕೂರಿನವನು, ಕೋವಿ ಕಂಡಿದ್ದು ಬ್ಯಾಂಕಿನ ಬಾಗಿಲಲ್ಲಿ. ಆಯ್ಕೆ ಅವಳದ್ದೇ ಅಂತ ಹೊರಡುವಾಗಲೇ ಮಾತಾಗಿತ್ತು.

ಅಂಗಡಿಯವನು ಅವಳನ್ನು ನೋಡಿದ್ದೇ ತಡ, ಐದು ಗುಂಡಿನ ಪುಟ್ಟ ಸ್ಮಿತ್ ಆ್ಯಂಡ್ ವೆಸ್ಸನ್ ರಿವಾಲ್ವರ್ ತೆಗೆದಿಟ್ಟ. ಹೆಂಗಸರಿಗೆ ಇದೇ ಸರಿ ಅಂದ. ಅವಳು ಏನೂ ಹೇಳಲಿಲ್ಲ. ಅದನ್ನು ಕೈಗೆ ತೆಗೆದುಕೊಂಡು, ಅದರ ಬಾಯಿಯನ್ನು ಯಾರೂ ಇಲ್ಲದ ಗೋಡೆಯ ಕಡೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ಆಚೆ ಇಟ್ಟು, ಸಿಲಿಂಡರ್ ಬಿಚ್ಚಿ ಖಾಲಿಯಿದೆಯಾ ಅಂತ ನೋಡಿದಳು. ಅವನ ದನಿ ಅಲ್ಲಿಂದಾಚೆ ಸ್ವಲ್ಪ ಬದಲಾಯಿತು.

ಪಕ್ಕದಲ್ಲೇ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್. ಬಾಡಿಗೆಗೆ ಗನ್ ಕೊಡುತ್ತಾರೆ, ಹೊಡೆದು ನೋಡಿಯೇ ಕೊಳ್ಳಬಹುದು. ಸಣ್ಣ ಗನ್ ಹೊಡೆಯೋದೂ ಸುಲಭ ಅಂದುಕೊಳ್ಳುತ್ತೇವೆ, ಅಲ್ವಾ? ತೂಕ ಕಡಿಮೆಯಾದಷ್ಟೂ ಒದೆತ ಜಾಸ್ತಿ. ಆ ರಿವಾಲ್ವರ್‌ನ ಟ್ರಿಗರ್ ಎಷ್ಟು ಬಿಗಿ ಅಂದರೆ, ಎಳೆದು ಮುಗಿಸುವಷ್ಟರಲ್ಲಿ ಗುರಿ ಅಲುಗಿರುತ್ತದೆ. ಅಂಗೈ ಕೆಂಪಗಾಯಿತು, ಗುಂಡುಗಳು ಕಾಗದದ ತುಂಬಾ ಚೆದುರಿದ್ದವು. ಸಿಗ್ ಪಿ365 ಅನ್ನೋ ಪುಟ್ಟ ಪಿಸ್ತೂಲು ಪರವಾಗಿಲ್ಲ, ಆದರೆ ಕಿರುಬೆರಳಿಗೆ ಹಿಡಿ ಸಾಲದು. ಕೊನೆಗೆ ಗ್ಲಾಕ್ 19 ಪಿಸ್ತೂಲು. ಒಂಬತ್ತು ಎಂಎಂ ಅಳತೆಯ ಗುಂಡು, ಮ್ಯಾಗಜೀನ್‌ಗೆ 15. ಮೊದಲಿಗೆ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್ ಎಳೆಯೋದು ಕಷ್ಟವಾಯಿತು. ರೇಂಜಿನ ಹುಡುಗಿಯೊಬ್ಬಳು ಬಂದು, ಸ್ಲೈಡನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಲಗೈಯಿಂದ ಗನ್ನನ್ನೇ ಮುಂದಕ್ಕೆ ತಳ್ಳಲು ಹೇಳಿದಳು. ಸಲೀಸಾಗಿ ಬಂತು. ಆಮೇಲೆ ಹೊಡೆದ ಗುಂಡುಗಳೆಲ್ಲ ಒಂದು ಅಂಗೈಯಗಲದೊಳಗೇ ಕೂತವು. ಇನ್ನು ಯೋಚನೆ ಏನಿದೆ?

4473 ನಂಬರಿನ ಫಾರ್ಮ್ ತುಂಬಿದೆವು. ಅಂಗಡಿಯವನು ಎಫ್‌ಬಿಐ ತಪಾಸಣೆಗೆ ವಿವರ ಕಳಿಸಿದ. ಒಪ್ಪಿಗೆ ಬರುವಷ್ಟರಲ್ಲಿ ನನ್ನ ಕಾಫಿಯೂ ಮುಗಿದಿರಲಿಲ್ಲ. ಊರಲ್ಲಿ, ಅಂದರೆ ಭಾರತದಲ್ಲಿ, ಇದೇ ಒಂಬತ್ತು ಎಂಎಂ ಜನಸಾಮಾನ್ಯರಿಗೆ ನಿಷಿದ್ಧ.

ಸಂಜೆ ಮನೆಗೆ ಬಂದ ಮೇಲೆಯೇ ನಿಜವಾದ ಕೆಲಸ. ಇಲ್ಲಿನ ಒಳಗೋಡೆಗಳು ಬರೀ ಜಿಪ್ಸಮ್ ಹಲಗೆ. ಒಂಬತ್ತು ಎಂಎಂ ಗುಂಡು ಅಂಥ ಗೋಡೆ ತೂರಿಕೊಂಡು ಆಚೆ ಹೋಗುತ್ತದೆ. ದೇಹಕ್ಕೆ ತಾಕಿದರೆ ಅರಳುವ ಹಾಲೋ ಪಾಯಿಂಟ್ ಗುಂಡನ್ನು ಮನೆಗೆ ಇಡಿ ಅನ್ನುತ್ತಾರೆ, ಆದರೆ ಗುರಿ ತಪ್ಪಿದರೆ ಅದೂ ಗೋಡೆ ದಾಟಬಲ್ಲದು. ನಾವಿಬ್ಬರೂ ಕೋಣೆ ಕೋಣೆ ತಿರುಗಿ ಯಾವ ಗೋಡೆಯ ಹಿಂದೆ ಏನಿದೆ ಅಂತ ನೋಡಿದೆವು. ನಮ್ಮ ಕೋಣೆ ಬಾಗಿಲಲ್ಲಿ ನಿಂತು ಮೆಟ್ಟಿಲ ಕಡೆ ಗುರಿ ಹಿಡಿದರೆ ನೇರ ಮಗಳ ಮಂಚ. ಹಾಗಾಗಿ ಮಂಚವನ್ನೇ ಎದುರು ಗೋಡೆಗೆ ಎಳೆದೆವು. ಅವಳಿಗೆ ಕಿಟಕಿ ಪಕ್ಕ ಸಿಕ್ಕಿತು ಅಂತ ಖುಷಿ. ಗನ್ನು ನಂಬರ್ ಒತ್ತಿ ತೆರೆಯುವ ಪೆಟ್ಟಿಗೆಯೊಳಗೆ ಹೋಯಿತು. ಆ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಬೀರುವಿಗೆ ಬಿಗಿದೆ.

ಇನ್ನು ಸೊಂಟದಲ್ಲಿ ಬಚ್ಚಿಟ್ಟು ಒಯ್ಯುವ ವಿಚಾರ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ 21 ತುಂಬಿದವರು, ಗನ್ ಇಟ್ಟುಕೊಳ್ಳಲು ಅಡ್ಡಿಯಿಲ್ಲದವರು, ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಆದರೆ ಶಾಲೆಯೊಳಗೆ ಇಲ್ಲ, ಬಾರ್‌ನಲ್ಲಿ ಇಲ್ಲ, ಬೇಡ ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲಿ ಇಲ್ಲ. ನನ್ನ ದಿನವೆಲ್ಲ ಆಫೀಸು, ಮಗಳ ಶಾಲೆ, ದಿನಸಿ ಅಂಗಡಿ. ಎಲ್ಲ ಕಡೆ ಬಿಚ್ಚಿ ಕಾರಿನಲ್ಲಿಟ್ಟು ಹೋದರೆ ಕಾರು ಒಡೆಯುವ ಕಳ್ಳನಿಗೆ ನಾನೇ ಗನ್ ಕೊಟ್ಟ ಹಾಗೆ. ಹಾಗೆ ಒಯ್ಯಲು ಅಂತ ಹೆಂಡತಿಗೆ ಇನ್ನೂ ಆ ಪುಟ್ಟ ಪಿ365 ಮೇಲೆ ಕಣ್ಣಿದೆ. ನಾನು ಬೇಡ ಅಂದಿದ್ದೇನೆ, ಅವಳು ಒಪ್ಪಿಲ್ಲ.