ಆ ರಿಲೇಯನ್ನು ಬೈಪಾಸ್ ಮಾಡಿಸಬೇಡಿ

ನಾನು ಸಬ್‌ಸ್ಟೇಷನ್ ಆಪರೇಟರ್ ಆಗಿ ರಿಟೈರ್ ಆದವನು. ಸರ್ವೀಸಿನಲ್ಲಿದ್ದಷ್ಟು ದಿನ ಜನ ನನ್ನ ಹತ್ತಿರ ಜಾಸ್ತಿ ಜಗಳ ಆಡಿದ್ದು ಅಂಡರ್ ಫ್ರೀಕ್ವೆನ್ಸಿ ರಿಲೇ ವಿಷಯಕ್ಕೆ. ಗ್ರಿಡ್ಡಿನ ಫ್ರೀಕ್ವೆನ್ಸಿ ತೀರಾ ಇಳಿದಾಗ, ಸ್ಟೇಷನ್ನಿನಿಂದ ಊರಿಗೆ ಹೋಗುವ ಲೈನನ್ನು, ಅಂದರೆ ಫೀಡರನ್ನು, ತಾನೇ ಕಟ್ ಮಾಡಿಸುವ ಸಾಧನ ಅದು. ಅದು ಕೆಲಸ ಮಾಡಿದರೆ ಹೂಟರ್ ಹೊಡೆಯುತ್ತದೆ, ಬ್ರೇಕರ್ ಧಡ್ ಅಂತ ಟ್ರಿಪ್ ಆಗುತ್ತದೆ, ಫೀಡರಿನ ಆಂಪಿಯರ್ ಮುಳ್ಳು ಸೊನ್ನೆಗೆ ಬಂದು ಕೂರುತ್ತದೆ. ಬೆನ್ನಲ್ಲೇ ಫೋನ್. "ಮಳೆ ಇಲ್ಲ, ಗಾಳಿ ಇಲ್ಲ, ಯಾಕ್ರೀ ಕರೆಂಟ್ ತೆಗೆದ್ರಿ?" ಇಡೀ ಗ್ರಿಡ್ಡನ್ನು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಸೆಂಟರಿನವರು ಹೇಳುವ ತನಕ ಲೈನಿಗೆ ಮತ್ತೆ ಕರೆಂಟ್ ಕೊಡುವ ಹಾಗಿಲ್ಲ.

ಒಮ್ಮೆ ಒಬ್ಬ ಅಕ್ಕಿ ಗಿರಣಿ ಮಾಲೀಕರು ಸ್ಟೇಷನ್ನಿಗೇ ಬಂದರು. "ಸರ್, ನಮ್ಮ ಫೀಡರ್ ಒಂದನ್ನ ಆ ರಿಲೇಯಿಂದ ಬಿಡಿಸಿಬಿಡಿ. ಒಂದು ಫೀಡರಿಂದ ಏನಾಗುತ್ತೆ?"

ಏನಾಗುತ್ತೆ ಅಂತ ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ವಿದ್ಯುತ್ ಕೇಂದ್ರಗಳನ್ನೂ ಊರುಗಳನ್ನೂ ಜೋಡಿಸುವ ಲೈನುಗಳ ಜಾಲವೇ ಗ್ರಿಡ್; ನಮ್ಮದು ಓಡುವುದು 50 ಹರ್ಟ್ಜ್ ಫ್ರೀಕ್ವೆನ್ಸಿ ಮೇಲೆ, ಅಂದರೆ ಕರೆಂಟ್ ಸೆಕೆಂಡಿಗೆ 50 ಆವರ್ತ ಮಾಡುತ್ತದೆ. ಎಲ್ಲೋ ವಿದ್ಯುತ್ ಉತ್ಪಾದಿಸುವ ದೊಡ್ಡ ಯೂನಿಟ್ ಒಂದು ಟ್ರಿಪ್ ಆದರೆ ಉಳಿದ ಟರ್ಬೈನ್‌ಗಳ ಮೇಲೆ ಭಾರ ಬೀಳುತ್ತದೆ, ಅವು ನಿಧಾನವಾಗುತ್ತವೆ, ಫ್ರೀಕ್ವೆನ್ಸಿ ಇಳಿಯುತ್ತದೆ. ತೀರಾ ಇಳಿದರೆ ಟರ್ಬೈನ್ ಹಾಳಾಗದಿರಲಿ ಅಂತ ಆ ಯೂನಿಟ್‌ಗಳೂ ಟ್ರಿಪ್ ಆಗುತ್ತವೆ. ಆಮೇಲೆ ಒಂದರ ಹಿಂದೆ ಒಂದು. ಫೋನ್ ಮಾಡಿ ಲೋಡ್ ತೆಗೆಸೋಣ ಅಂದರೆ ಅಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ಫ್ರೀಕ್ವೆನ್ಸಿ ಇಳಿದ ಹಾಗೆ ಹಂತ ಹಂತವಾಗಿ ಈ ರಿಲೇಗಳು ತಾವೇ ಫೀಡರ್ ತೆಗೆಯುತ್ತವೆ.

2012ರ ಜುಲೈ 30ರ ಬೆಳಗಿನ ಜಾವ 400 ಕೆವಿ ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಯಿತು. ಲೈನಿನಲ್ಲಿ ಫಾಲ್ಟ್ ಇರಲೇ ಇಲ್ಲ. ವಿಪರೀತ ಲೋಡನ್ನೇ ಆ ಲೈನಿನ ರಕ್ಷಣೆಗೆಂದು ಇರುವ ಬೇರೆ ಥರದ ರಿಲೇ ಫಾಲ್ಟ್ ಅಂದುಕೊಂಡಿತು. ಉತ್ತರದ ಗ್ರಿಡ್ ಬಿತ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದು ಸುಮಾರು 60 ಕೋಟಿ ಜನಕ್ಕೆ ಕರೆಂಟ್ ಇಲ್ಲ. ಬಂಗಾಳದಲ್ಲಿ ಕಲ್ಲಿದ್ದಲು ಗಣಿಯೊಳಗೆ ಕಾರ್ಮಿಕರು ಸಿಕ್ಕಿಹಾಕಿಕೊಂಡರು. ಫ್ರೀಕ್ವೆನ್ಸಿ ರಿಲೇಗಳಿಂದ ಇಳಿಯಬೇಕಾದಷ್ಟು ಲೋಡ್ ಇಳಿಯಲಿಲ್ಲ ಅನ್ನುವುದೂ ತನಿಖಾ ಸಮಿತಿಗೆ ಕಂಡುಬಂತು. ಇದನ್ನು ಓದಿದ ಮೇಲೆ ಬೈಪಾಸ್ ಅನ್ನುವ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ.

ಆಗ ನಮಗೇನೂ ಆಗಲಿಲ್ಲ. ದಕ್ಷಿಣದ ಗ್ರಿಡ್ ತನ್ನದೇ ಫ್ರೀಕ್ವೆನ್ಸಿಯಲ್ಲಿ ಬೇರೆಯಾಗಿ ಓಡುತ್ತಿತ್ತು, ಉಳಿದ ಗ್ರಿಡ್‌ಗಳ ಜೊತೆ ಇದ್ದದ್ದು ಡಿಸಿ ಕೊಂಡಿ ಮಾತ್ರ; ಅದರಲ್ಲಿ ಕರೆಂಟ್ ಹರಿದರೂ ಫ್ರೀಕ್ವೆನ್ಸಿಯ ಏರಿಳಿತ ದಾಟುವುದಿಲ್ಲ. 2013ರ ಡಿಸೆಂಬರ್ 31ಕ್ಕೆ 765 ಕೆವಿ ರಾಯಚೂರು–ಸೊಲ್ಲಾಪುರ ಲೈನಿನಿಂದ ನಾವೂ ಸೇರಿಕೊಂಡೆವು. ಒಳ್ಳೆಯದೇ ಆಯಿತು, ನಮ್ಮ ಕೊರತೆಗೆ ಇಡೀ ದೇಶ ಹೆಗಲು ಕೊಡುತ್ತದೆ. ಆದರೆ ಅಲ್ಲಿನ ಏಟು ಇಲ್ಲಿಗೂ ತಟ್ಟಬಹುದು.

ಪೂರ್ತಿ ಬಿದ್ದರೆ ಎಬ್ಬಿಸುವುದು ಸುಲಭ ಅಲ್ಲ. ರಾಯಚೂರಿನ ಥರ್ಮಲ್ ಸ್ಟೇಷನ್ನಿನ ಪಂಪು, ಫ್ಯಾನುಗಳು ತಿರುಗಬೇಕಾದರೂ ಹೊರಗಿನಿಂದ ಕರೆಂಟ್ ಬರಬೇಕು. ಶರಾವತಿಯಂಥ ಜಲವಿದ್ಯುತ್ ಯೂನಿಟ್ ಮೊದಲು ಶುರುವಾಗಿ, ಲೈನಿಗೆ ಲೈನ್ ಜೋಡಿಸುತ್ತಾ ಗಂಟೆಗಟ್ಟಲೆ ನಡೆಯುವ ಕೆಲಸ ಅದು.

ಆಸ್ಪತ್ರೆ ಫೀಡರ್ ಬಿಡಿ ಅಂದರೆ ಒಪ್ಪುತ್ತೇನೆ. ಉಳಿದದ್ದಕ್ಕೆ ಶಿಫಾರಸು ತರಬೇಡಿ. ಇಲಾಖೆಯವರಿಗೂ ಒಂದು ಮಾತು: ರಿಲೇ ಹಾಕಿದ ಫೀಡರುಗಳ ಪಟ್ಟಿಯನ್ನು ಮತ್ತೆ ಮತ್ತೆ ನೋಡಿ. ಹಗಲು ಮಾತ್ರ ತ್ರೀ ಫೇಸ್ ಕೊಡುವ ಪಂಪ್‌ಸೆಟ್ ಫೀಡರ್ ರಾತ್ರಿ ಟ್ರಿಪ್ ಆದರೆ ಇಳಿಯುವ ಲೋಡ್ ಎಷ್ಟು? ಮನೆ ಮನೆ ಚಾವಣಿಯಲ್ಲಿ ಸೋಲಾರ್ ಇರುವ ಫೀಡರನ್ನು ಮಟಮಟ ಮಧ್ಯಾಹ್ನ ತೆಗೆದರೆ ಲೋಡಿನ ಜೊತೆ ಆ ಉತ್ಪಾದನೆಯೂ ಹೋಗುತ್ತದೆ, ಅಲ್ವಾ? ರಿಲೇ ಟೆಸ್ಟ್ ಮಾಡುವ ದಿನವೇ ಆ ಫೀಡರಿನ ಹಗಲು-ರಾತ್ರಿ ಲೋಡನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಿ.