ಎಷ್ಟಾಗುತ್ತೆ ಅಂತ ಕೇಳಿದಾಗ

ಹೊಸ ಗ್ರಾಹಕರ ಮೊದಲ ಮೆಸೇಜು ಹೆಚ್ಚಾಗಿ ಒಂದೇ ಸಾಲು. "ಲೇಬಲ್ ಡಿಸೈನ್ ಮಾಡಿಸಬೇಕು, ಎಷ್ಟಾಗುತ್ತೆ?" ಇವತ್ತು ಕೇಳಿದವರು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು.

ನಾನು ತಕ್ಷಣ ರೇಟು ಹೇಳುವುದಿಲ್ಲ, ಫೋನ್ ಮಾಡಿ ಕೇಳುತ್ತೇನೆ. ಬಾಟಲಿ ಗಾಜಿನದಾ, ಪ್ಲಾಸ್ಟಿಕ್ಕಾ? ಎಷ್ಟು ಗ್ರಾಮಿನದು? ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬಂದಿದೆಯಾ? ಕನ್ನಡ ಟೈಪ್ ಮಾಡಿರೋದು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲೋ, ಯೂನಿಕೋಡ್‌ನಲ್ಲೋ? ಪದಾರ್ಥಗಳ ಪಟ್ಟಿ, ತೂಕ, ಹಸಿರು ಚುಕ್ಕೆ, ವಿಳಾಸ ಎಲ್ಲಕ್ಕೂ ಆ ಪುಟ್ಟ ಲೇಬಲ್‌ನಲ್ಲೇ ಜಾಗ ಬೇಕು ಅಲ್ವಾ? "ಇದನ್ನೆಲ್ಲ ಯಾರೂ ಕೇಳಿರಲಿಲ್ಲ ನೋಡಿ" ಅಂದರು. ಆಮೇಲೆ ಮಿಡಿ ಎಲ್ಲಿಂದ ತರಿಸುತ್ತಾರೆ, ಯಾರು ಜಾಸ್ತಿ ಕೊಳ್ಳುತ್ತಾರೆ ಅಂತ ಅವರೇ ಹೇಳುತ್ತಾ ಹೋದರು. ನನಗೆ ಬೇಕಾಗಿದ್ದದ್ದು ಅದೇ. ಸುಮ್ನೆ ಒಂದು ಮೊತ್ತ ಹೇಳಿದ್ದರೆ ಚೌಕಾಸಿ ಮಾತ್ರ ನಡೆಯುತ್ತಿತ್ತು.

ಫೋನ್ ಇಟ್ಟ ಮೇಲೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸುತ್ತೇನೆ. ಏನು ಕೊಡುತ್ತೇನೆ, ಎಷ್ಟು ಸಲ ತಿದ್ದಿಕೊಡುತ್ತೇನೆ, ಯಾವ ದಿನ ಕೊಡುತ್ತೇನೆ, ಅರ್ಧ ಅಡ್ವಾನ್ಸ್. ಬಾಯಿಮಾತು ಇಬ್ಬರಿಗೂ ಬೇರೆ ಬೇರೆ ಥರ ನೆನಪಿರುತ್ತದೆ.

ಗ್ರಾಹಕರು ಕಂಪನಿಗಳಾದರೆ ಇನ್ನೊಂದು ವಿಷಯ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ) ಇರುವ ನಮ್ಮಂಥ ಚಿಕ್ಕವರಿಗೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲೇ ಇದೆ. ಗೆಳೆಯರೇ, ಇದನ್ನು ಕೇಳೋಕೆ ಸಂಕೋಚ ಬೇಡ. ನಾನಂತೂ ಕೊಟೇಶನ್ನಿನಲ್ಲೇ ಹಾಕಿರುತ್ತೇನೆ.