ಡಬ್ಬಿಯ ಮುಚ್ಚಳದ ಮೇಲಿನ ಕೈ

"ಇದು ಹೊಲಿಗೆ ಬಲ್ಲೋರ ಕೈ ಮೇಡಂ."

ಮಂಗಳವಾರ ನಮ್ಮ ಬೀದಿಯ ಅಕ್ಕ ನನ್ನ ಡಬ್ಬಿಯ ಮೇಲಿನ ಚಿತ್ರ ನೋಡಿ ಹಾಗಂದಾಗಿನಿಂದ ನನಗೆ ಅದೇ ಗುಂಗು. ಸೀರೆಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿ ಮನೆ ನಡೆಸುವವರು ಅವರು. ಕೆಲಸದಲ್ಲಿ ಅಷ್ಟು ನಿಯತ್ತಿನವರನ್ನು ನಾನು ಕಂಡದ್ದು ಕಡಿಮೆ.

ಸೂಜಿ ದಾರ ಇಡುವ ಮರದ ಡಬ್ಬಿಗಳಿಗೆ ಹಳೇ ಹೊಲಿಗೆ ಚಿತ್ರಗಳನ್ನು ಅಂಟಿಸಿ ಉಡುಗೊರೆ ಕೊಡುವುದು ನನ್ನ ಹವ್ಯಾಸ. ಈ ಸಲ ತೆರೇಸ್ ದ ದಿಲ್ಮಾಂ ಅವರ 'ಎನ್‌ಸೈಕ್ಲೋಪೀಡಿಯಾ ಆಫ್ ನೀಡಲ್‌ವರ್ಕ್' ಅನ್ನುವ, ಹೊಲಿಗೆ ಕಸೂತಿ ಕಲಿಸುವ ಪುಸ್ತಕದ ಶುರುವಿನಲ್ಲೇ ಬರುವ ಚಿತ್ರ ಆರಿಸಿದ್ದೆ. ಬಟ್ಟೆ, ಸೂಜಿ ಹಿಡಿದ ಎರಡು ಕೈ, ಅಷ್ಟೇ. ಪುಸ್ತಕ ಬಂದದ್ದು 1886ರಲ್ಲಿ. ಆಸ್ಟ್ರಿಯಾದಲ್ಲಿ ಹುಟ್ಟಿದ ಆಕೆ ಡಿಎಂಸಿ ದಾರದ ಕಂಪನಿಯ ಜೊತೆ ಸೇರಿ ಈಗ ಫ್ರಾನ್ಸ್‌ನಲ್ಲಿರುವ ಮುಲೂಸ್ ಊರಿನ ಹತ್ತಿರ ಕಸೂತಿ ಶಾಲೆ ನಡೆಸಿದವರು. ತೀರಿಕೊಂಡದ್ದು 1890ರಲ್ಲಿ. ಹಾಗಾಗಿ ಹಕ್ಕುಸ್ವಾಮ್ಯದ ತಕರಾರಿಲ್ಲ, ಹಳೇ ಪುಸ್ತಕಗಳನ್ನು ಪುಕ್ಕಟೆ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಸ್ತಕ ಪೂರ್ತಿ ಸಿಗುತ್ತದೆ. ಗೆರೆ ತುಂಬಾ ಸಣ್ಣದು. ಲೇಸರ್ ಪ್ರಿಂಟೇ ಹಾಕಿಸಬೇಕು. ಇಂಕ್‌ಜೆಟ್ ಆದರೆ ಅಂಟು ಬಳಿದ ಕೂಡಲೇ ಮಸಿ ಹರಡುತ್ತದೆ.

ಗೆಳತಿಯೊಬ್ಬಳು ಡಬ್ಬಿ ನೋಡಿ, "ಚಹಾ ಬಣ್ಣ ಬಳಿ, ಪಕ್ಕ ಗುಲಾಬಿ ಅಂಟಿಸು, ಇನ್ನೂ ಹಳೇದು ಅನ್ಸುತ್ತೆ" ಅಂದಳು. ಒಳ್ಳೆಯ ಹುಡುಗಿ, ಆದರೆ ಈ ಮಾತು ನನಗೆ ಹಿಡಿಸಲಿಲ್ಲ. ಅದು ಕಲಿಸುವುದಕ್ಕೆ ಬರೆದ ಚಿತ್ರ. ಅದರ ಮೇಲೆ ಹೂವು ಯಾಕೆ?

ಅಕ್ಕ ಬಣ್ಣದ ಮಾತೇ ಎತ್ತಲಿಲ್ಲ. ತಮ್ಮ ಎಡಗೈಯನ್ನು ಚಿತ್ರದ ಪಕ್ಕ ತಂದರು. ಸೆರಗನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ತುದಿಯನ್ನು ಉಂಗುರದ ಬೆರಳು, ಕಿರುಬೆರಳ ಸಂದಿಯಲ್ಲಿ ಎಳೆದುಕೊಂಡರು. "ಹೀಗೆ ಹಿಡಿದ್ರೆ ಬಟ್ಟೆ ಸುಕ್ಕಾಗಲ್ಲ" ಅಂದರು. ಪುಸ್ತಕದಲ್ಲೂ ಅದನ್ನೇ ಬರೆದಿದೆ! ಖುಷಿಯಾಗಿ ಅದರ ಇನ್ನೊಂದು ಮಾತನ್ನೂ ಹೇಳಿದೆ. ಯಾವ ಹೊಲಿಗೆಗೂ ಬೆನ್ನು ಬಗ್ಗಿಸಬೇಕಿಲ್ಲ, ಕುರ್ಚಿ ಮೇಜು ಒಂದಕ್ಕೊಂದು ಹೊಂದುವ ಎತ್ತರ ಇರಬೇಕು, ಬಟ್ಟೆಯನ್ನು ಮಂಡಿಗೆ ಸಿಕ್ಕಿಸಿಕೊಂಡು ಹೊಲಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ಬರೆದಿದ್ದಾರೆ ಅಂದೆ.

"ಬೆನ್ನು ಬಗ್ಗಿಸಬೇಕಿಲ್ಲ ಅಂತ ಪುಸ್ತಕದಲ್ಲೇ ಇದೆಯಾ?"

"ಹೌದಕ್ಕ."

"ನಂಗ್ಯಾರೂ ಹೇಳ್ಲೇ ಇಲ್ಲ ನೋಡಿ. ಬೇಗ ಮುಗಿಸು ಅಂತ ಮಾತ್ರ ಹೇಳೋರು."

ದೂರಿನ ದನಿ ಇರಲಿಲ್ಲ. ಆದರೆ ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ಮಾತು. ಬೇಗ ಮುಗಿಸು. ಹೇಳುವವರು ಯಾರು? ಮದುವೆಗೆ ನಾಲ್ಕು ದಿನ ಇರುವಾಗ ಸೀರೆ ಕೊಟ್ಟು ಅವಸರ ಮಾಡುವವರು. ಸೀರೆಗೆ ಸಾವಿರಗಟ್ಟಲೆ ಸುರಿದು, ಕುಚ್ಚಿಗೆ ಐವತ್ತು ರೂಪಾಯಿ ಚೌಕಾಸಿ ಮಾಡುವವರು. ಇಂಥವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕುಚ್ಚು ಕಟ್ಟುವವರು ನೆಲದ ಮೇಲೆ ಕೂತು, ಸೆರಗನ್ನು ಮಂಡಿಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಕತ್ತು ಬಗ್ಗಿಸಿ ಎಳೆ ಎಳೆ ಗಂಟು ಹಾಕುತ್ತಾರೆ. ದಿಲ್ಮಾಂ ಬೇಡ ಅಂದದ್ದೇ ಇಲ್ಲಿ ದಿನದ ಕೆಲಸ. ದುಡಿಯುವ ಕೈಯ ಚಿತ್ರ ನಮಗೆ ಡಬ್ಬಿ ಮೇಲೆ ಚೆಂದ, ಚೀಲದ ಮೇಲೆ ಚೆಂದ. ಆ ಕೈಯ ಹಿಂದೆ ಒಂದು ಬೆನ್ನೂ ಇರುತ್ತದೆ ಅಲ್ವಾ?

ಅಕ್ಕನ ಹತ್ತಿರ ಈಗ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ಅವರಿಗಾಗಿ ಚಿತ್ರವನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಕೆಳಗೆ ಬೆನ್ನಿನ ಮಾತನ್ನು ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟೆ. ನಮ್ಮಲ್ಲಿ ಸುಮ್ನೆ ಬಿದ್ದಿದ್ದ ಓದುವ ಮೇಜನ್ನೂ ಕೊಡುತ್ತೇನೆ ಅಂದೆ. ಅಕ್ಕ ಬಂದು ಗೇಣು ಹಾಕಿ ಅಳೆದರು. ಮೇಜಿನ ಕಾಲುಗಳು ನಾಲ್ಕು ಬೆರಳು ಜಾಸ್ತಿ ಎತ್ತರ, ಬಡಗಿ ಹತ್ತಿರ ಕೊಯ್ಸಬೇಕು ಅಂದರು. "ಕುರ್ಚಿ ಮಾತ್ರ ನಾನೇ ತಗೋತೀನಿ ಮೇಡಂ, ನನ್ನ ಎತ್ತರಕ್ಕೆ ನೋಡಿ."